ಹನ್ನೊಂದು ಮೀನು, ಮೂರಡಿ ಕೋಣೆ

ಮನೆ ಬದಲಾಯಿಸುವ ದಿನ ನನ್ನ ಗಂಡ ಮೊದಲು ಜೋಪಾನ ಮಾಡಿದ್ದು ಬಟ್ಟೆಯನ್ನಲ್ಲ, ಪಾತ್ರೆಯನ್ನಲ್ಲ, ದೇವರ ಪಟವನ್ನೂ ಅಲ್ಲ. ಒಂದು ಸ್ಪಂಜಿನ ತುಂಡನ್ನು. ಮೀನಿನ ತೊಟ್ಟಿಯ ಫಿಲ್ಟರಿನೊಳಗಿದ್ದು ಎರಡು ವರ್ಷದ ಕೊಳೆ ಹಿಡಿದು ಕಪ್ಪಾಗಿದ್ದ ಸ್ಪಂಜು. ಅದನ್ನು ನೋಡಿ ನಾನು ಹೊಲಸು ಅಂದುಕೊಂಡು ಕಸದ ಬುಟ್ಟಿಗೆ ಹಾಕಿದ್ದೆ. ಐದು ನಿಮಿಷದಲ್ಲಿ ಹುಡುಕಿ ತೆಗೆದು, ತೊಟ್ಟಿಯದೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ, ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಗಳಿವೆ, ಅವು ಸತ್ತರೆ ಹೊಸ ಮನೆಯಲ್ಲಿ ಮೀನುಗಳು ಒಂದು ವಾರ ಬಾಳುವುದಿಲ್ಲ ಎಂದು ನನಗೆ ಪಾಠ ಹೇಳಿದರು. ನನ್ನ ಮಂಡಿನೋವಿನ ಎಣ್ಣೆಯ ಸೀಸೆ ಹಳೆ ಮನೆಯ ಅಟ್ಟದ ಮೇಲೆಯೇ ಉಳಿಯಿತು. ಅದರಲ್ಲಿ ಜೀವ ಇರಲಿಲ್ಲವಲ್ಲ.

ನನ್ನ ಗಂಡನ ಹೆಸರು ಮಹಲಿಂಗಯ್ಯ. ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ಮೂವತ್ತಮೂರು ವರ್ಷ ಸತ್ತ ಕಪ್ಪೆಗಳನ್ನು ಹುಡುಗರಿಗೆ ಹಂಚಿ ನಿವೃತ್ತರಾದವರು. ಆ ಪಾಪ ತೊಳೆದುಕೊಳ್ಳಲೋ ಏನೋ ಮನೆಯಲ್ಲಿ ಮೊದಲಿನಿಂದಲೂ ಜೀವಂತ ಮೀನು ಸಾಕಿದರು. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಬಿಸಿ ದೇಶದ ಹನ್ನೊಂದು ಮೀನು. ಅಂಗೈಯಗಲದ ಏಂಜೆಲ್ ಮೀನು ನಾಲ್ಕು, ಕೆಂಪು ಬಾಲದ ಪುಟಾಣಿಗಳು ಆರು, ಗಾಜಿಗೆ ಬಾಯಿ ಅಂಟಿಸಿಕೊಂಡು ಇಡೀ ದಿನ ನೆಕ್ಕುವ ಕುರೂಪಿ ಒಂದು. ಆ ನಾಲ್ಕು ಏಂಜೆಲ್‌ಗಳಲ್ಲಿ ಒಂದಕ್ಕೆ ಒಂಬತ್ತು ವರ್ಷ. ಅದಕ್ಕೆ ದೊಡ್ಡಕ್ಕ ಎಂದು ಹೆಸರು. ನನ್ನ ಹೆಸರನ್ನು ಮೊಟಕು ಮಾಡಿದ್ದು ಬಿಟ್ಟರೆ, ಮದುವೆಯಾದ ಮೇಲೆ ನನ್ನನ್ನು ಒಂದು ಸಲವೂ ಅಕ್ಕರೆಯ ಹೆಸರಿಟ್ಟು ಕರೆಯದ ಮನುಷ್ಯ ಮೀನಿಗೆ ನಾಮಕರಣ ಮಾಡಿದ್ದರು. ಚಳಿಗಾಲದಲ್ಲಿ ನಮ್ಮ ಸ್ನಾನಕ್ಕೆ ಬಿಸಿನೀರು ಇರಲಿ ಬಿಡಲಿ, ಅವುಗಳ ನೀರು ಇಪ್ಪತ್ತಾರು ಡಿಗ್ರಿಗಿಂತ ಕೆಳಗಿಳಿಯುವಂತಿಲ್ಲ. ನಮಗೆ ಮಕ್ಕಳಾಗಲಿಲ್ಲ. "ಅತ್ತಿಗೆಗೆ ಮಕ್ಕಳಾಗ್ಲಿಲ್ಲ, ಅಣ್ಣನಿಗೆ ಮೀನಾದ್ವು" ಎಂದು ನನ್ನ ನಾದಿನಿ ಗಂಗಾಂಬಿಕೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಆ ಮಾತನ್ನು ಅವಳು ಯಾವತ್ತೂ ನನ್ನ ಬೆನ್ನ ಹಿಂದೆ ಆಡಲಿಲ್ಲ, ಅಷ್ಟು ಪ್ರಾಮಾಣಿಕಳು.

ನಮ್ಮೂರಿನಲ್ಲಿ ಹೊಸ ಮನೆಗೆ ಮೊದಲು ಕಾಲಿಡುವವರು ಯಾರು ಅನ್ನುವುದು ಹೆಣ್ಣು ಗಂಡು ಗೊತ್ತು ಮಾಡುವುದಕ್ಕಿಂತ ದೊಡ್ಡ ವಿಷಯ. ಹೊಸ್ತಿಲು ಮೊದಲು ದಾಟಿದವರ ಅಳತೆಗೆ ಮನೆ ಒಗ್ಗಿಕೊಳ್ಳುತ್ತದೆ. ಅವರು ಒಳಗೆ ಒಬ್ಬರೇ ಎರಡು ಗಳಿಗೆ ಕೂತರೆ ಸಾಕು, ಗೋಡೆ ಸರಿಯುತ್ತದೆ, ಬಾಗಿಲು ಏಳುತ್ತದೆ ಇಲ್ಲವೆ ಇಳಿಯುತ್ತದೆ, ಆಮೇಲೆ ಅವರು ಬದುಕಿರುವವರೆಗೂ ಅದು ಹಾಗೆಯೇ. ಬಾಗಿಲು ನಿಲ್ಲಿಸುವುದಕ್ಕೆ ಮುಂಚೆ ಗಾರೆಯವರು ಒಳಗೆ ಓಡಾಡಿದ್ದು ಲೆಕ್ಕಕ್ಕಿಲ್ಲ. ಕಿಟಕಿಯಿಂದ ಬಂದದ್ದೂ ಲೆಕ್ಕಕ್ಕಿಲ್ಲ. ಇಲ್ಲದಿದ್ದರೆ ಊರಿನ ಅರ್ಧ ಮನೆಗಳು ಹಲ್ಲಿಯ ಅಳತೆಗಿರುತ್ತಿದ್ದವು.

ಇಷ್ಟು ಸರಳವಾದ ವಿಷಯದಲ್ಲೂ ನಮ್ಮೂರ ಜನ ಮಾಡಿಕೊಂಡಿರುವ ಅಧ್ವಾನ ನೋಡಬೇಕು. ಅಂಗಡಿ ಬೀದಿಯ ವಕೀಲರು ಅತ್ತೆಯ ಆಸ್ತಿಯ ಮೇಲೆ ಕಣ್ಣಿಟ್ಟು ಅವರನ್ನೇ ಮೊದಲು ಒಳಗೆ ಕಳಿಸಿದರು. ಆ ಮುದುಕಿಗೆ ಕಿವಿ ಕೇಳುವುದಿಲ್ಲ. ಈಗ ಆ ಮನೆಯಲ್ಲಿ ತಟ್ಟೆ ಬಿದ್ದರೂ ಸದ್ದಾಗುವುದಿಲ್ಲ, ಕಕ್ಷಿಗಾರರು ಸ್ಲೇಟು ಬಳಪ ತರುತ್ತಾರೆ. ಆಸ್ತಿ ಮುದುಕಿಯ ಮಗನಿಗೆ ಹೋಯಿತು. ಮಾಡಿದ್ದುಣ್ಣೋ ಮಹರಾಯ. ಹೈಸ್ಕೂಲು ಹೆಡ್‌ಮಾಸ್ತರರು ಬೇರೆ ಊರಿನವರ ಪದ್ಧತಿಯೆಂದು ಹಸುವನ್ನು ಒಳಗೆ ನುಗ್ಗಿಸಿದರು. ಅವರ ನಡುಮನೆ ಈಗ ಕಾಲುವೆಯ ಕಡೆಗೆ ಇಳಿಜಾರಾಗಿದೆ, ಬಾಗಿಲು ಎಂಟಡಿ ಅಗಲ. ಗಾಳಿ ಚೆನ್ನಾಗಿ ಆಡುತ್ತದೆ ಎಂದು ಹೇಳಿಕೊಂಡು ತಿರುಗುತ್ತಾರೆ. ಆಡದೆ ಏನು.

ನಾನು ಹೊಕ್ಕ ಮನೆ ನನ್ನ ಮಾವನವರ ಅಳತೆಯದು. ಮಾವನವರು ಆರಡಿ ಎರಡಂಗುಲ. ಬೆಳಕು ಕಂಡರೆ ಅವರಿಗೆ ತಲೆನೋವು, ಸದಾ ಸೆಕೆ ಸೆಕೆ ಅನ್ನುವವರು. ನಾನು ನಾಲ್ಕಡಿ ಹತ್ತಂಗುಲ. ಉಪ್ಪಿನ ಡಬ್ಬಿಗೂ ಸ್ಟೂಲು ಹತ್ತಬೇಕು, ಹಗಲು ಹನ್ನೆರಡಕ್ಕೂ ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ, ನೆಲ ವೈಶಾಖದಲ್ಲೂ ಕೊರೆಯುತ್ತದೆ. ಆ ನೆಲದ ಮೇಲೆ ಮೂವತ್ತೊಂದು ವರ್ಷ ಓಡಾಡಿ ನನ್ನ ಮಂಡಿಗಳು ಹೋದವು. ನನ್ನ ಗಂಡನೂ ಅಪ್ಪನಷ್ಟೇ ಎತ್ತರ, ಅವರಿಗೆ ಅಲ್ಲಿ ಎಲ್ಲವೂ ಕೈಗೆಟುಕುತ್ತಿತ್ತು. ಏನಾದರೂ ತೆಗೆದುಕೊಡಿ ಎಂದು ಕರೆದರೆ ತೊಟ್ಟಿಯ ಮುಂದೆ ಕೂತವರು ಬಂದೆ ಬಂದೆ ಅನ್ನುತ್ತಿದ್ದರು. ಬರುತ್ತಿದ್ದರು, ಇಲ್ಲವೆನ್ನಲಾರೆ. ಅಷ್ಟರಲ್ಲಿ ಒಗ್ಗರಣೆ ಸೀದಿರುತ್ತಿತ್ತು.

ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರೆಲ್ಲ ಸೇರಿ ಆ ಮನೆ ಮಾರಿದರು. ನಮ್ಮ ಪಾಲಿಗೆ ಕೆರೆಯ ಕೆಳಗಿನ ಹೊಸ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಎದ್ದಿತು. ಅವತ್ತೇ ನಾನು ನನ್ನ ಗಂಡನಿಗೆ ಹೇಳಿಬಿಟ್ಟೆ, ಮೊದಲಡಿ ನನ್ನದು ಎಂದು. ಗಂಗಾಂಬಿಕೆ ಗಂಡಸು ಇರುವಾಗ ಇದೆಂಥ ಶಾಸ್ತ್ರ ಎಂದು ಮುಖ ಗಂಟು ಹಾಕಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ನೆಂಟರೆಲ್ಲ ಅವಳ ಹಿಂದೆ ನಿಂತರು. ಅಣ್ಣ ಎತ್ತರದ ಆಳು, ನಡು ಬಗ್ಗಿಸಿಕೊಂಡು ಬದುಕಬೇಕೇ ಎಂದು ಕಣ್ಣೀರೂ ಹಾಕಿದಳು. ನಾನು ಮೂವತ್ತೊಂದು ವರ್ಷ ಕತ್ತು ಮೇಲೆತ್ತಿ ಬದುಕಿದ್ದಕ್ಕೆ ಆ ಮನೆಯಲ್ಲಿ ಒಂದು ಹನಿ ಉದುರಿರಲಿಲ್ಲ. ನನ್ನ ಗಂಡ ಮಾತ್ರ ತಕರಾರು ಮಾಡಲಿಲ್ಲ. "ಅವಳೇ ಹೋಗ್ಲಿ ಬಿಡಿ" ಎಂದರು. ಮೀನನ್ನು ಅದೇ ದಿನ ಸಾಗಿಸಿದರೆ ಸಾಕು, ಇನ್ನೇನೂ ಬೇಡ ಎಂದರು. ಅದು ಔದಾರ್ಯವೋ ಅಥವಾ ತಲೆಯಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ. ನನಗೆ ಮನೆ ಬೇಕಿತ್ತು.

ಆರು ತಿಂಗಳು ನಾನು ಪಟ್ಟಿ ಬಾಯಿಪಾಠ ಮಾಡಿದೆ. ಕೈಗೆಟುಕುವ ಗೂಡು. ಸೊಂಟಕ್ಕೆ ಸರಿಯಾದ ಒಲೆಕಟ್ಟೆ. ಬೆಳಕು. ಕಾಲಿಗೆ ಬೆಚ್ಚಗಿರುವ ನೆಲ. ಮಧ್ಯಾಹ್ನ ಕಾಲು ಚಾಚಿ ಕೂರಲು ಕಿಟಕಿಯ ಪಕ್ಕ ಒಂದು ಕಟ್ಟೆ. ಪಾತ್ರೆ ತೊಳೆಯುವಾಗಲೂ ಅದೇ, ದೇವರ ಮುಂದೆ ಕೂತಾಗಲೂ ಅದೇ. ಅಷ್ಟು ಶ್ರದ್ಧೆಯಿಂದ ನಾನು ಯಾವ ಸ್ತೋತ್ರವನ್ನೂ ಹೇಳಿದವಳಲ್ಲ.

ಮೀನು ಸಾಗಿಸುವುದೆಂದರೆ ನಾನು ಬಿಂದಿಗೆಯಲ್ಲಿ ತುಂಬಿ ಸುರಿಯುವುದು ಅಂದುಕೊಂಡಿದ್ದೆ. ಅಷ್ಟು ಸುಲಭವಾಗಿದ್ದರೆ ನನ್ನ ಗಂಡ ಅದಕ್ಕೆ ಕೈಹಾಕುತ್ತಲೇ ಇರಲಿಲ್ಲ. ಎರಡು ದಿನ ಮುಂಚೆ ಮೀನುಗಳಿಗೆ ಉಪವಾಸ, ದಾರಿಯಲ್ಲಿ ನೀರು ಹೊಲಸಾಗದಿರಲೆಂದು. ನಾನು ಏಕಾದಶಿ ಮಾಡಿದಾಗ ಯಾರೂ ಇಷ್ಟು ಗಮನವಿಟ್ಟು ನೋಡಿರಲಿಲ್ಲ. ಹಳೇ ನೀರು ಮುಕ್ಕಾಲು ಪಾಲು ಕ್ಯಾನುಗಳಿಗೆ ಹೋಯಿತು, ಕಲ್ಲುಗಳನ್ನು ಒದ್ದೆಯಾಗಿಯೇ ಬಕೆಟ್ಟಿಗೆ ತೋಡಿದರು, ಹೀಟರ್ ಆರಿಸಿ ಅದು ತಣ್ಣಗಾಗುವವರೆಗೆ ಗಡಿಯಾರ ಹಿಡಿದು ಕಾದರು. ಆಮೇಲೆ ಒಂದೊಂದೇ ಮೀನನ್ನು ಬಲೆಯಲ್ಲಿ ಎತ್ತಿ ಪ್ಲಾಸ್ಟಿಕ್ ಕವರಿಗೆ ಬಿಟ್ಟು, ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ, ಬಾಯಿಗೆ ಎರಡೆರಡು ರಬ್ಬರು. ಆರು ಕವರು. ಅವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕೂರಿಸಿ ನಡುವೆ ಬಿಸಿನೀರಿನ ಬಾಟಲಿ ಇಟ್ಟು, ಮೇಲೆ ನನ್ನ ತವರಿನ ಕಂಬಳಿ ಹೊದಿಸಿದರು. ಕೇಳಿದ್ದಕ್ಕೆ, "ಮಾಘದ ಚಳಿ ದಾಕ್ಷಾ, ಇವುಕ್ಕೆ ತಡೆಯಲ್ಲ" ಎಂದರು. ನನಗೆ ತಡೆಯುತ್ತಿತ್ತು ಅನ್ನುವುದು ಅವರ ನಂಬಿಕೆ.

ಸಾಮಾನಿನ ಆಟೋದವನು ಪುಟ್ಟಮಾದ. ಅವನು ಮಣ್ಣುದಾರಿಯ ಗುಂಡಿಯೊಂದನ್ನೂ ಬಿಡದೆ ಹತ್ತಿಸಿ ಇಳಿಸಿ ನಮ್ಮನ್ನು ಹೊಸ ಮನೆಯ ಮುಂದೆ ನಿಲ್ಲಿಸಿದಾಗ ಹತ್ತು ಗಂಟೆ. ನೆಂಟರು ಆಗಲೇ ನೆರೆದಿದ್ದರು. ಹೊಸ್ತಿಲಯ್ಯನವರೂ ಬಂದಿದ್ದರು. ನಮ್ಮೂರಿನಲ್ಲಿ ಬೀಗ ತೆಗೆಯುವುದು, ಒಳಗೆ ಹೋದವರ ಹಿಂದೆ ಬಾಗಿಲು ಮುಚ್ಚಿ ಎರಡು ಗಳಿಗೆ ಲೆಕ್ಕ ಇಡುವುದು ಅವರ ಕೆಲಸ. ಆ ಕೆಲಸಕ್ಕೆ ಒಂದು ಗಡಿಯಾರ ಸಾಕು, ಆದರೆ ಅವರು ಶಾಲು ಹೊದ್ದು ಗಂಟಲು ಸರಿಮಾಡಿಕೊಂಡು ಮಾತಾಡುತ್ತಾರೆ. ಒಳಗೆ ಕೂತಾಗ ನಿಮ್ಮ ವಿಷಯ ಬಿಟ್ಟು ಬೇರೇನೂ ನೆನೆಯಬೇಡಿ ಎಂದು ನನಗೆ ಉಪದೇಶವಾಯಿತು. ಆರು ತಿಂಗಳಿಂದ ಬೇರೆ ಯಾರನ್ನು ನೆನೆದಿದ್ದೆ ನಾನು.

ಬಲಗಾಲಿಟ್ಟು ಒಳಗೆ ಹೋದೆ. ಹಿಂದೆ ಬಾಗಿಲು ಮುಚ್ಚಿತು. ಸುಣ್ಣದ ವಾಸನೆ, ಖಾಲಿ ಗೋಡೆ. ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಕಣ್ಣು ಮುಚ್ಚಿ ಪಟ್ಟಿ ಶುರುಮಾಡಿದೆ. ಕೈಗೆಟುಕುವ ಗೂಡು ಅನ್ನುವಷ್ಟರಲ್ಲಿ ಕಿಟಕಿ ಬಡಿದ ಸದ್ದು. ಕಿಟಕಿಗೆ ಸರಳು ಇನ್ನೂ ಕೂರಿಸಿರಲಿಲ್ಲ. ನನ್ನ ಗಂಡ ಹೊರಗಿನಿಂದ ಅರ್ಧ ಒಳಗೆ ಬಾಗಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ದಾಕ್ಷಾ, ಪೆಟ್ಟಿಗೆ ಬಿರುಕು ಬಿಟ್ಟಿದೆ. ಬಾಟ್ಲಿ ತಣ್ಣಗಾಗಿದೆ. ದೊಡ್ಡಕ್ಕ ವಾಲಿದಾಳೆ" ಎಂದರು.

ಕೆರೆಯ ಮೇಲಿನ ಗಾಳಿ ನೇರ ನಮ್ಮ ಬೀದಿಗೇ ಬೀಸುತ್ತಿತ್ತು. ಹೊರಗೆ ನಿಂತವರೆಲ್ಲ ಕೈ ಕಟ್ಟಿಕೊಂಡು ನಡುಗುತ್ತಿದ್ದುದು ಕಾಣುತ್ತಿತ್ತು. ನಿಮಗೆ ಇದೇ ಹೊತ್ತು ಸಿಕ್ಕಿತೇ ಎಂದು ಬೈದೆ. ನಿಮ್ಮ ಮೀನಿಗೂ ಒಂದು ಮುಹೂರ್ತ ಇಡಿಸಬೇಕಿತ್ತು ಎಂದೆ. ಅವರು ಕಂಬಳಿಯನ್ನು ಒಳಗೆಸೆದು ಕವರುಗಳನ್ನು ಒಂದೊಂದಾಗಿ ಕಿಟಕಿಯಿಂದ ಚಾಚಿದರು. ಕಿಟಕಿಯದು ಲೆಕ್ಕಕ್ಕಿಲ್ಲ ಎಂದು ಹೊಸ್ತಿಲಯ್ಯನವರ ಅಪ್ಪಣೆಯೂ ಆಗಿತ್ತಂತೆ. ಇಸಿದುಕೊಳ್ಳದೆ ಇನ್ನೇನು ಮಾಡಲಿ, ಅವರು ಕಿಟಕಿಗೆ ಜೋತು ಬಿದ್ದಿದ್ದ ರೀತಿಗೆ ಅಲ್ಲೇ ಬೀಳಿಸಿಬಿಡುತ್ತಿದ್ದರು. ಐದು ಕವರನ್ನು ಕಂಬಳಿಯಲ್ಲಿ ಸುತ್ತಿದೆ. ಆರನೆಯದು ದೊಡ್ಡಕ್ಕನದು. ಅದು ತಳಕ್ಕೆ ಇಳಿದು ಪಕ್ಕಕ್ಕೆ ಮಲಗಿ, ಬಾಯಿ ಮಾತ್ರ ತೆರೆದು ಮುಚ್ಚಿ ಮಾಡುತ್ತಿತ್ತು.

ಸಾಯುವುದಾದರೆ ನಿಮ್ಮಪ್ಪನ ಕೈಯಲ್ಲಿ ಸಾಯಿ, ನನ್ನ ಮೇಲೆ ಅಪವಾದ ತರಬೇಡ ಎಂದು ಅದಕ್ಕೆ ಹೇಳಿ ಕವರನ್ನು ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ತಣ್ಣಗೆ ಕೊರೆಯಿತು. ಹಾಗೇ ಎದೆಯ ಮೇಲೆ ಅದೇ ಕಂಬಳಿಯ ಅಂಚು ಎಳೆದುಕೊಂಡು ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಕವರು ನಿಧಾನಕ್ಕೆ ಬೆಚ್ಚಗಾಯಿತು. ಒಮ್ಮೆ ಅದರ ಬಾಲ ನನ್ನ ಹೊಟ್ಟೆಗೆ ಬಡಿಯಿತು. ಆಮೇಲೆ ಇನ್ನೊಮ್ಮೆ. ಸೆರಗು ಸರಿಸಿ ನೋಡಿದರೆ ಒಂಬತ್ತು ವರ್ಷದ ಮುದುಕಿ ನೆಟ್ಟಗೆ ನಿಂತು ನನ್ನನ್ನೇ ದಿಟ್ಟಿಸುತ್ತಿದೆ. ನನಗೆ ಸಂತೋಷವಾಯಿತು. ಯಾಕೆ ಎಂದು ಕೇಳಿಕೊಳ್ಳುವಷ್ಟರಲ್ಲಿ ಹೊಸ್ತಿಲಯ್ಯನವರು ಬಾಗಿಲು ತಟ್ಟಿದರು. ಆಗ ನೆನಪಾಯಿತು, ಪಟ್ಟಿಯಲ್ಲಿ ಮೊದಲನೆಯದನ್ನು ದಾಟಿ ನಾನು ಮುಂದಕ್ಕೆ ಹೋಗಿಯೇ ಇರಲಿಲ್ಲ. ಆರು ತಿಂಗಳ ಪಾಠ ಮೀನಿನ ಪಾಲಾಗಿತ್ತು.

ಎದ್ದು ನಿಂತೆ. ಅಂಗಾಲಿಗೆ ನೆಲ ಬೆಚ್ಚಗಿತ್ತು. ಅಡುಗೆಮನೆಗೆ ಓಡಿದೆ, ಓಡಿ ಎಷ್ಟು ವರ್ಷವಾಗಿತ್ತೋ. ಒಲೆಕಟ್ಟೆ ಸೊಂಟಕ್ಕೆ ಸರಿಯಾಗಿ ಇತ್ತು. ಕೈ ಎತ್ತಿದರೆ ಗೂಡು ಕೈಗೆ ಬಂತು, ತುದಿಗಾಲೂ ಬೇಕಾಗಲಿಲ್ಲ. ಬೆಳಕು ಎರಡು ಕಡೆಯಿಂದ ಬಿದ್ದಿತ್ತು. ಕಿಟಕಿಯ ಪಕ್ಕ ಕಟ್ಟೆ, ನಾನು ಕಾಲು ಚಾಚಿದಷ್ಟೇ ಉದ್ದ. ಬಾಯಲ್ಲಿ ಹೇಳದಿದ್ದರೂ ಮನೆಗೆ ಎಲ್ಲ ಗೊತ್ತಾಗಿತ್ತು. ನಾನು ಅತ್ತುಬಿಟ್ಟೆ. ಅದನ್ನು ಮುಚ್ಚಿಡುವುದೇನಿದೆ.

ಬಾಗಿಲು ತೆರೆದು ಜನ ಒಳಗೆ ಬಂದರು. ನನ್ನ ಗಂಡ ಬಗ್ಗದೆ ಬಂದು ಬಾಗಿಲಿಗೆ ಹಣೆ ಚಚ್ಚಿಕೊಂಡರು, ಅದರ ಕಡೆ ಗಮನವೂ ಇಲ್ಲದೆ ನನ್ನ ಕೈಯಿಂದ ದೊಡ್ಡಕ್ಕನ ಕವರು ತೆಗೆದುಕೊಂಡು ಬೆಳಕಿಗೆ ಹಿಡಿದರು. ಅವಳು ಬದುಕಿದ್ದು ನೋಡಿ ಅವರ ಕಣ್ಣು ತುಂಬಿತು. ಆಮೇಲೆ ತಲೆಯೆತ್ತಿ ಗೋಡೆಯ ಕಡೆ ನೋಡಿದರು. ನಾನೂ ಆಗಲೇ ನೋಡಿದ್ದು. ಕಿಟಕಿ ಕಟ್ಟೆಯ ಎದುರಿಗೆ, ಗೋಡೆ ಒಳಕ್ಕೆ ಸರಿದು ಒಂದು ದೊಡ್ಡ ಗೂಡಾಗಿತ್ತು. ತಳಕ್ಕೆ ಕಲ್ಲಿನ ಹಲಗೆ, ಪಕ್ಕದಲ್ಲಿ ಕರೆಂಟಿನ ಪ್ಲಗ್ಗು. ನಾನು ಕೂತರೆ ಕಣ್ಣಿಗೆ ನೇರ ಬರುವ ಎತ್ತರ. ಪುಟ್ಟಮಾದ ಮತ್ತು ನನ್ನ ಗಂಡ ತೊಟ್ಟಿ ಎತ್ತಿ ಇಟ್ಟರು. ಆ ಕಡೆ ಬೆರಳು ತೂರಲಿಲ್ಲ, ಈ ಕಡೆ ಬೆರಳು ತೂರಲಿಲ್ಲ. ನೀರು ತುಂಬಿದರೆ ಒಂದು ಕೂದಲೆಳೆಯಷ್ಟೂ ವಾಲಲಿಲ್ಲ.

ನಾನು ಮೂವತ್ತೊಂದು ವರ್ಷ ಬೈದುಕೊಂಡು ಬಂದ ಮೀನಿಗೆ ನನ್ನ ಮನೆ ಜಾಗ ಮಾಡಿಟ್ಟಿತ್ತು. ಹಳೆ ಮನೆಯಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ತೊಟ್ಟಿಯ ಮುಂದೆ ಕೂತು ಆ ಮೂಕ ಪ್ರಾಣಿಗಳು ಹೋಗಿ ಬರುವುದನ್ನು ನೋಡುತ್ತಿದ್ದೆನಲ್ಲ, ಅದು ನನಗೊಬ್ಬಳಿಗೇ ಗೊತ್ತಿದ್ದದ್ದು. ಈಗ ನೆಂಟರೆಲ್ಲರ ಮುಂದೆ ಗೋಡೆಯೇ ಬಾಯಿಬಿಟ್ಟಿತು. ಗಂಗಾಂಬಿಕೆ, "ಅತ್ತಿಗೆಗೆ ಒಳಗೊಳಗೇ ಎಷ್ಟು ಪ್ರೀತಿ ನೋಡಿ" ಎಂದು ಊದಿದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಡ ಮಾತ್ರ ಸಣ್ಣ ಮಕ್ಕಳ ಹಾಗೆ ನಗುತ್ತ ಕವರುಗಳನ್ನು ನೀರಿನ ಮೇಲೆ ತೇಲಿಬಿಟ್ಟರು. ಇಪ್ಪತ್ತು ನಿಮಿಷ ತೇಲಬೇಕಂತೆ, ಒಳಗಿನ ನೀರು ಹೊರಗಿನ ನೀರು ಒಂದಾಗಲು. ಹನ್ನೊಂದೂ ಉಳಿದವು. ಅವರು ಮದುವೆ ಮಂಟಪದಲ್ಲೂ ಹಾಗೆ ನಕ್ಕಿರಲಿಲ್ಲ.

ಅಷ್ಟು ಹೊತ್ತಿಗೆ ಪುಟ್ಟಮಾದ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಕರೆದ. ಮಂಚ ಒಳಗೆ ಹೋಗುತ್ತಿಲ್ಲ ಎಂದ. ಓರೆ ಮಾಡಿ ನೋಡು ಎಂದೆ. ಓರೆ ಮಾಡಿದ, ನಿಲ್ಲಿಸಿದ, ಕಾಲು ಕಳಚಿದ. ಆಮೇಲೆ ನಾನೇ ಹೋಗಿ ನೋಡಿದೆ. ಗಾರೆಯವರು ಹತ್ತಡಿಗೆ ಹತ್ತಡಿ ಕಟ್ಟಿದ್ದ ಕೋಣೆ ಮೂರಡಿ ಅಗಲಕ್ಕೆ ಬಂದು ನಿಂತಿತ್ತು. ಬೆಳಗಿನ ಬಿಸಿಲು ಬೀಳುವ ಚೆಂದದ ಕೋಣೆ. ಒಬ್ಬರು ಮಲಗಬಹುದು, ಅವರೂ ಕುಳ್ಳಗಿರಬೇಕು. ಬಟ್ಟೆ ನೇತುಹಾಕಲು ಗೋಡೆಯಲ್ಲಿ ಒಂದು ಗೂಟ. ನಾನು ಬೇರೆ ಕಡೆಯೂ ಹುಡುಕಿದೆ. ಬಚ್ಚಲಿನ ಬಾಗಿಲು, ಊಟಕ್ಕೆ ಕೂರುವ ಮೂಲೆ, ಚಪ್ಪಲಿ ಬಿಡುವ ಜಾಗ. ಎಲ್ಲಿಯೂ ಆರಡಿಯ ಮನುಷ್ಯನೊಬ್ಬ ನಿಲ್ಲುವ, ಕೂರುವ, ಒರಗುವ ಒಂದು ಮೊಳ ಜಾಗವಿರಲಿಲ್ಲ.

ನೆಂಟರೆಲ್ಲ ನನ್ನ ಹಿಂದೆಯೇ ಬಂದು ಕೋಣೆಯೊಳಗೆ ಇಣುಕಿದರು. ಎಲ್ಲ ಮೀನಿಂದಾದದ್ದು, ಕೂರಬೇಕಾದ ಹೊತ್ತಿನಲ್ಲಿ ನನ್ನ ಕೈಗೆ ಮೀನು ಕೊಟ್ಟರು, ಮೀನನ್ನೇ ನೆನೆಯುತ್ತ ಕೂತೆ, ಅದಕ್ಕೇ ಹೀಗಾಯಿತು ಎಂದು ನಾನು ಹೊಸ್ತಿಲಯ್ಯನವರ ಮೇಲೆ ಹರಿಹಾಯ್ದೆ. ಅವರು ಶಾಲು ಸರಿಮಾಡಿಕೊಂಡು ನನ್ನ ಮುಖ ನೋಡಿದರು.

"ಎರಡು ಗಳಿಗೆ ಯೋಚನೆಗೆ ಗೋಡೆ ಸರಿಯೋದಿಲ್ಲಮ್ಮ. ಮೂವತ್ತು ವರ್ಷದ್ದು ಬೇಕು" ಎಂದರು. ಗಾರೆಯವರನ್ನು ಕರೆಸಿದರೆ ಪ್ರಯೋಜನವಿಲ್ಲ, ಮಾರನೇ ದಿನಕ್ಕೆ ಗೋಡೆ ಮತ್ತೆ ಅಲ್ಲೇ ಬರುತ್ತದೆ, ನನ್ನ ಅಳತೆ ಬದಲಾದ ದಿನ ಅದೂ ತಾನಾಗಿ ಬದಲಾಗುತ್ತದೆ ಎಂದೂ ಹೇಳಿದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದಕ್ಕೇ ಅವರಿಗೆ ಊರು ಶಾಲು ಹೊದಿಸಿರುವುದು. ಆದರೆ ಅವತ್ತು ದೀಪದ ಬೆಳಕು ನೇರ ನನ್ನ ಮೇಲೇ ಬಿತ್ತು. ನನಗೆ ನನ್ನ ಗಂಡನ ಮೇಲೆ ದ್ವೇಷವಿರಲಿಲ್ಲ. ಅವರನ್ನು ನಾನು ಎಣಿಕೆಗೇ ತೆಗೆದುಕೊಂಡಿರಲಿಲ್ಲ, ಅಷ್ಟೆ. ನನಗೆ ನಾಚಿಕೆಯಾಯಿತು.

ನನ್ನ ಗಂಡ ಹಣೆಯ ಮೇಲಿನ ಬುಗುಟು ಸವರಿಕೊಳ್ಳುತ್ತ ಆ ಮೂರಡಿ ಕೋಣೆಯನ್ನು ನೋಡಿದರು. ಹೊರಳಿ ಮೀನಿನ ತೊಟ್ಟಿ ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನ್ನ ಬಳಿ ತಿರುಗಿ ಕೊಡಲು ಬೇಕಾದಷ್ಟಿತ್ತು, ಸ್ಟೂಲಿನಿಂದ ಹಿಡಿದು ಸೀದ ಒಗ್ಗರಣೆಯವರೆಗೆ.

"ಮೀನಿಗಾದ್ರೂ ಜಾಗ ಆಯ್ತಲ್ಲ" ಎಂದರು.

ಎರಡು ದಿನ ಅಲ್ಲೇ ಇರಲು ನೋಡಿದರು. ಕಿಟಕಿ ಕಟ್ಟೆಯ ಮೇಲೆ ಮಲಗಿದರೆ ಮಂಡಿಯಿಂದ ಕೆಳಗೆ ಕಾಲು ಗಾಳಿಯಲ್ಲಿ. ನೆಲದ ಮೇಲೆ ಮಲಗಿದರೆ ನಾನು ನಡೆದಾಡುವಲ್ಲಿ ಬೆಚ್ಚಗಿರುವ ನೆಲ ಅವರು ಬೆನ್ನು ಹಾಸಿದಲ್ಲಿ ಕೊರೆಯುತ್ತಿತ್ತು. ಬಾಗಿಲಿಗೆ ತಲೆ ಬಡಿದುಕೊಂಡದ್ದನ್ನು ಇಬ್ಬರೂ ಎಣಿಸುವುದು ಬಿಟ್ಟೆವು. ಮೂರನೇ ದಿನ ಹಿಟ್ಟಿನ ಗಿರಣಿಯ ಮೇಲೊಂದು ಬಾಡಿಗೆ ಕೋಣೆ ನೋಡಿಕೊಂಡು ಬಂದರು. ಯಾರೋ ಲಂಬೂ ಪೊಲೀಸಿನವನು ಮೊದಲಡಿ ಇಟ್ಟ ಕೋಣೆಯಂತೆ. ಈ ಮನೆ ಬಿಟ್ಟು ನಾನೂ ಬರುತ್ತೇನೆ ಎಂದು ಹೇಳಬೇಕು ಎಂದು ಬಾಯಿ ತೆರೆದೆ. ಕೈ ಒಲೆಕಟ್ಟೆಯ ಮೇಲಿತ್ತು. ಅದನ್ನು ಅಲ್ಲಿಂದ ತೆಗೆಯಲಾಗಲಿಲ್ಲ. ಅವರಿಗೆ ಅದು ಗೊತ್ತಾಯಿತೇನೋ.

"ನೀನಿಲ್ಲೇ ಇರು ದಾಕ್ಷಾ. ಮೀನು ಈಗ ತಾನೇ ನೀರಿಗೆ ಹೊಂದ್ಕೊಳ್ತಿವೆ, ಮತ್ತೆ ಸಾಗಿಸಿದ್ರೆ ಉಳಿಯಲ್ಲ. ನಾನು ದಿನಾ ಬಂದು ನೋಡ್ಕೊಂಡ್ ಹೋಗ್ತೀನಿ" ಎಂದು ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೊರಟರು. ಹೊಸ್ತಿಲು ದಾಟಿದ ಮೇಲೆ ನೆಟ್ಟಗೆ ನಿಂತು ಬೆನ್ನು ಸರಿಮಾಡಿಕೊಂಡರು.

ಊರಿಗೆ ಕೆಲಸ ಸಿಕ್ಕಿತು. ಮೀನು ನೋಡುವ ನೆಪದಲ್ಲಿ ಬಂದವರೆಲ್ಲ ಮಲಗುವ ಕೋಣೆಯ ಕಡೆ ಕತ್ತು ಚಾಚಿದರು. ಹೆಡ್‌ಮಾಸ್ತರರ ಹೆಂಡತಿ, ಕೊಟ್ಟಿಗೆಯಲ್ಲಿ ಸಂಸಾರ ಮಾಡುವವಳು, ನನ್ನನ್ನು ನೋಡಿ ಅಯ್ಯೋ ಪಾಪ ಎಂದಳು. ಗಂಗಾಂಬಿಕೆಯಂತೂ ಅಣ್ಣನಿಗೆ ದಿನಾ ಬುತ್ತಿ ಕಳಿಸುವ ಪುಣ್ಯ ಕಟ್ಟಿಕೊಂಡಳು. ಅವಳ ಸಾರು ಕುಡಿದರೆ ಯಾರಿಗಾದರೂ ಹೆಂಡತಿ ನೆನಪಾಗಲೇಬೇಕು.

ಅವರು ಹೇಳಿದಂತೆ ದಿನಾ ಬೆಳಿಗ್ಗೆ ಏಳಕ್ಕೆ ಬರುತ್ತಾರೆ. ಬಾಗಿಲಲ್ಲಿ ಬಗ್ಗುವುದನ್ನು ಕಲಿತಿದ್ದಾರೆ. ಮೀನಿಗೆ ಕಾಳು ಹಾಕಿ, ವಾರಕ್ಕೊಮ್ಮೆ ಕೊಳವೆಯಿಂದ ನೀರೆಳೆದು, ನಾನು ಕೊಟ್ಟ ಕಾಫಿಯನ್ನು ಕತ್ತು ಬಗ್ಗಿಸಿ ನಿಂತೇ ಕುಡಿಯುತ್ತಾರೆ. ಕೂರಲು ಒಂದು ಕುರ್ಚಿ ತರಿಸಿದೆ, ಅದನ್ನು ಎಲ್ಲಿಟ್ಟರೂ ಕುಂಟುತ್ತದೆ. ಮೊದಮೊದಲು ಅವರು ಹೋದ ಮೇಲೆ ನನಗೆ ಹಾಯೆನಿಸುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮನೆ ನನ್ನದು, ಮಂಡಿ ನೋವಿಲ್ಲ, ಮಧ್ಯಾಹ್ನ ಕಟ್ಟೆಯ ಮೇಲೆ ಕಾಲು ಚಾಚಿ ಮೀನು ನೋಡುತ್ತ ಕೂತರೆ ಯಾರಿಗೂ ಹೆದರಬೇಕಿಲ್ಲ. ಒಂದು ತಿಂಗಳಾದ ಮೇಲೆ ಆರೂಮುಕ್ಕಾಲಿಗೇ ಡಿಕಾಕ್ಷನ್ ಇಳಿಸಿ ಬಾಗಿಲ ಕಡೆ ನೋಡುವುದು ಶುರುವಾಯಿತು. ಇದು ಅವರ ಮೇಲಿನ ಮಮತೆಯೋ, ಊರ ಬಾಯಿಯ ಹೆದರಿಕೆಯೋ, ನನಗೇ ತಿಳಿಯಲಿಲ್ಲ. ತಿಳಿದುಕೊಳ್ಳಲು ಇದ್ದದ್ದು ಒಂದೇ ದಾರಿ. ಬಡಗಿಯ ಹತ್ತಿರ ಒಂದು ಅಳತೆಯ ಟೇಪು ತರಿಸಿ, ಅವರು ಬರುವುದಕ್ಕೆ ಮುಂಚೆ ದಿನಾ ಆ ಕೋಣೆಯ ಅಗಲ ಅಳೆಯತೊಡಗಿದೆ. ಮೂರಡಿ. ಮಾರನೇ ದಿನವೂ ಮೂರಡಿ. ಈ ಮನೆಗೆ ಮುಲಾಜು ಅನ್ನುವುದೇ ಇಲ್ಲ.

ಇವತ್ತು ಅವರು ಹತ್ತು ನಿಮಿಷ ಮುಂಚೆ ಬಂದರು. ನಾನು ಕೋಣೆಯಲ್ಲಿ ನೆಲಕ್ಕೆ ಬಗ್ಗಿ ಟೇಪಿನ ತುದಿಯನ್ನು ಗೋಡೆಗೆ ಒತ್ತುತ್ತಿದ್ದೆ, ಆ ಕಡೆಯ ತುದಿ ಜಾರಿ ಜಾರಿ ಬರುತ್ತಿತ್ತು. ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತು ನೋಡುತ್ತಿದ್ದರೋ. ತಲೆ ತಗ್ಗಿಸಿ ಭುಜ ಓರೆ ಮಾಡಿಕೊಂಡು ಒಳಗೆ ಬಂದು ಮಂಡಿಯೂರಿ ಕೂತು ಆ ತುದಿಯನ್ನು ಹಿಡಿದುಕೊಂಡರು. ಟೇಪು ಬಿಗಿಯಾಯಿತು. ಕನ್ನಡಕ ಹಣೆಗೇರಿಸಿ, ಪ್ರಯೋಗಾಲಯದ ಗಾಜಿನ ಕೊಳವೆ ನೋಡುವ ಹಾಗೆ ಹತ್ತಿರ ಹಿಡಿದು ನೋಡಿದರು.

"ಅರ್ಧ ಇಂಚು ಜಾಸ್ತಿ ಆದಂಗಿದೆ, ಅಲ್ವಾ?" ಎಂದರು.

ನಾನು ನೋಡಿದೆ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ಗೋಡೆ ನಿನ್ನೆ ಇದ್ದಲ್ಲೇ ಇತ್ತು.

"ಹೌದು, ಆಗಿದೆ" ಎಂದೆ.